ಕೊಲೆ ಪ್ರಕರಣಗಳ ಪತ್ತೆ ಪ್ರಮಾಣ: ಅಂಕಿಗಳ ಅರ್ಥ, ಮೇಲಧಿಕಾರಿಗಳ ಹೊಣೆ ಮತ್ತು ಮೃತರ ಕುಟುಂಬದ ಹಕ್ಕುಗಳು

ಕೊಲೆ ಪ್ರಕರಣ ದಾಖಲಾದ ನಂತರ ಮೃತರ ಕುಟುಂಬದವರು ಠಾಣೆಯಲ್ಲಿ ಮೊದಲು ಕೇಳುವ ಪ್ರಶ್ನೆ "ಪ್ರಕರಣ ಪತ್ತೆಯಾಯಿತೇ?" ಎಂಬುದಾಗಿರುತ್ತದೆ. ಪತ್ತೆಯಾಗುವುದು, ದೋಷಾರೋಪಣಾ ಪಟ್ಟಿ ಸಲ್ಲಿಕೆಯಾಗುವುದು ಮತ್ತು ಶಿಕ್ಷೆಯಾಗುವುದು ಮೂರು ಪ್ರತ್ಯೇಕ ಹಂತಗಳು. ಪೊಲೀಸ್ ಇಲಾಖೆಯ ಸಾಧನೆಯನ್ನು ತಿಳಿಸುವ ಅಂಕಿ ಯಾವ ಹಂತಕ್ಕೆ ಸಂಬಂಧಿಸಿದ್ದು ಎಂಬುದನ್ನು ಅರಿಯದಿದ್ದಲ್ಲಿ ತಪ್ಪು ತಿಳಿವಳಿಕೆಗೆ ಅವಕಾಶವಾಗುತ್ತದೆ. ತಲ್ಲೂರು ಸೇರಿದಂತೆ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಸಾರ್ವಜನಿಕರ ಅನುಕೂಲಕ್ಕಾಗಿ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಮೂರು ಅಂಕಿಗಳು

1. ಪತ್ತೆ: ತನಿಖೆಯಲ್ಲಿ ಆರೋಪಿಯು ಯಾರೆಂದು ತಿಳಿದುಬಂದಿರುವ ಹಂತ. ಇದು ತನಿಖೆಯ ಮುಕ್ತಾಯವಲ್ಲ.

2. ದೋಷಾರೋಪಣಾ ಪ್ರಮಾಣ: ಪೊಲೀಸರು ತನಿಖೆ ಮುಗಿಸಿ ವಿಲೇವಾರಿ ಮಾಡಿದ ಪ್ರಕರಣಗಳ ಪೈಕಿ ಎಷ್ಟರಲ್ಲಿ ದೋಷಾರೋಪಣಾ ಪಟ್ಟಿ ಸಲ್ಲಿಕೆಯಾಗಿದೆ ಎಂಬುದರ ಶೇಕಡಾವಾರು. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗವು ಈ ಸೂತ್ರವನ್ನೇ ಅನುಸರಿಸುತ್ತದೆ. ತನಿಖೆಯಲ್ಲಿ ಬಾಕಿ ಇರುವ ಪ್ರಕರಣಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಉದಾಹರಣೆಗೆ, 10 ಪ್ರಕರಣಗಳ ಪೈಕಿ 6 ವಿಲೇವಾರಿಯಾಗಿ, ಅವುಗಳಲ್ಲಿ 5ಕ್ಕೆ ದೋಷಾರೋಪಣಾ ಪಟ್ಟಿ ಸಲ್ಲಿಕೆಯಾಗಿದ್ದರೆ ಪ್ರಮಾಣವು ಶೇ. 83 ಎಂದಾಗುತ್ತದೆ. ಬಾಕಿ ಉಳಿದ 4 ಪ್ರಕರಣಗಳು ಈ ಅಂಕಿಯಲ್ಲಿ ಕಾಣುವುದಿಲ್ಲ.

3. ಶಿಕ್ಷೆಯ ಪ್ರಮಾಣ: ನ್ಯಾಯಾಲಯದಲ್ಲಿ ವಿಚಾರಣೆ ಮುಗಿದ ಪ್ರಕರಣಗಳ ಪೈಕಿ ಶಿಕ್ಷೆಯಾದವುಗಳ ಶೇಕಡಾವಾರು.

2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣಗಳು ದಾಖಲಾದವು. ಆ ವರ್ಷ ಕೊಲೆ ಪ್ರಕರಣಗಳ ದೋಷಾರೋಪಣಾ ಪ್ರಮಾಣವು ಶೇ. 80ನ್ನು ಮೀರಿದ್ದರೆ, ಶಿಕ್ಷೆಯ ಪ್ರಮಾಣವು ಶೇ. 50ಕ್ಕಿಂತ ಕಡಿಮೆಯಿತ್ತು. ಅಮೆರಿಕದಲ್ಲಿ ಮುಖ್ಯವಾಗಿ ಬಂಧನವನ್ನು ಆಧರಿಸಿ ಪತ್ತೆ ಪ್ರಮಾಣವನ್ನು ಲೆಕ್ಕ ಹಾಕಲಾಗುವುದರಿಂದ ಅಲ್ಲಿನ ಅಂಕಿಯನ್ನು ಇಲ್ಲಿನ ಅಂಕಿಯೊಡನೆ ನೇರವಾಗಿ ಹೋಲಿಸುವುದು ಸರಿಯಲ್ಲ. ಹಾಗೆಯೇ, ವರ್ಷಕ್ಕೆ ಎರಡೇ ಕೊಲೆ ಪ್ರಕರಣಗಳು ದಾಖಲಾಗುವ ಠಾಣೆಯಲ್ಲಿ ಒಂದು ಪತ್ತೆಯಾಗದಿದ್ದರೂ ಪ್ರಮಾಣವು ಅರ್ಧಕ್ಕೆ ಇಳಿಯುತ್ತದೆ. ಆದುದರಿಂದ ಗ್ರಾಮಾಂತರ ಠಾಣೆಗಳ ವಿಷಯದಲ್ಲಿ ಹಲವು ವರ್ಷಗಳ ಅಂಕಿಗಳನ್ನು ಒಟ್ಟಾಗಿ ನೋಡುವುದು ಸೂಕ್ತ.

ಮೇಲಧಿಕಾರಿಗಳ ಹೊಣೆ

ಬೆಂಗಳೂರು, ಮಂಗಳೂರು ಮುಂತಾದ ನಗರಗಳಲ್ಲಿ ಪೊಲೀಸ್ ಆಯುಕ್ತರು ಮುಖ್ಯಸ್ಥರಾಗಿರುತ್ತಾರೆ. ಉಡುಪಿ ಜಿಲ್ಲೆಯಲ್ಲಿ ಈ ಹೊಣೆ ಜಿಲ್ಲಾ ಪೊಲೀಸ್ ಅಧೀಕ್ಷಕರದ್ದಾಗಿದ್ದು, ಕುಂದಾಪುರ ಉಪವಿಭಾಗಕ್ಕೆ ಉಪಾಧೀಕ್ಷಕರಿರುತ್ತಾರೆ. ಕೃತ್ಯ ನಡೆದ ಸ್ಥಳವನ್ನು ಸಂರಕ್ಷಿಸುವುದು, ವಿಧಿ ವಿಜ್ಞಾನ ತಜ್ಞರನ್ನು ತಡವಿಲ್ಲದೆ ಕರೆಸುವುದು, ತನಿಖಾಧಿಕಾರಿಯನ್ನು ಬಂದೋಬಸ್ತು ಕರ್ತವ್ಯದಿಂದ ಬಿಡುಗಡೆಗೊಳಿಸುವುದು ಮತ್ತು ಬಾಕಿ ಕಡತಗಳನ್ನು ನಿಯತವಾಗಿ ಪರಿಶೀಲಿಸುವುದು ಮೇಲಧಿಕಾರಿಗಳ ನಿರ್ಧಾರಗಳನ್ನು ಅವಲಂಬಿಸಿದೆ. ಅಧಿಕಾರಿಗಳು ಪದೇ ಪದೇ ಬದಲಾದಲ್ಲಿ ಸಾಕ್ಷಿಗಳ ಪರಿಚಯವೂ ಕಡತದ ಹಿಡಿತವೂ ತಪ್ಪಿಹೋಗುತ್ತವೆ.

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 22-09-2006ರಂದು ನೀಡಿದ ತೀರ್ಪಿನಲ್ಲಿ, ಜಿಲ್ಲಾ ಅಧೀಕ್ಷಕರು ಮತ್ತು ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷಗಳ ಅಧಿಕಾರಾವಧಿ ಇರಬೇಕೆಂದೂ, 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಂದ ಆರಂಭಿಸಿ ತನಿಖೆಯನ್ನು ಕಾನೂನು ಸುವ್ಯವಸ್ಥೆಯ ಕರ್ತವ್ಯದಿಂದ ಬೇರ್ಪಡಿಸಬೇಕೆಂದೂ ನಿರ್ದೇಶಿಸಿತು.

ತನಿಖೆಯ ನೇತೃತ್ವದ ಮಹತ್ವಕ್ಕೆ ರಾಜ್ಯದಲ್ಲಿಯೇ ನಿದರ್ಶನವಿದೆ. ಸಂಶೋಧಕ ಡಾ. ಎಂ. ಎಂ. ಕಲಬುರ್ಗಿ ಅವರ ಕೊಲೆ 30-08-2015ರಂದು ಧಾರವಾಡದಲ್ಲಿ ನಡೆದಿದ್ದು, ಸಿಐಡಿ ತನಿಖೆ ಕೈಗೊಂಡರೂ ಪ್ರಕರಣವು ವರ್ಷಗಳ ಕಾಲ ಬಾಕಿ ಉಳಿಯಿತು. 05-09-2017ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಕೊಲೆ ನಡೆದಾಗ ಸರ್ಕಾರವು ಐಪಿಎಸ್ ಅಧಿಕಾರಿ ಬಿ. ಕೆ. ಸಿಂಗ್ ಅವರ ನೇತೃತ್ವದಲ್ಲಿ ವಿಶೇಷ ತನಿಖಾ ತಂಡವನ್ನು ರಚಿಸಿತು. ಸದರಿ ತಂಡವು 2018ರಲ್ಲಿ ದೋಷಾರೋಪಣಾ ಪಟ್ಟಿ ಸಲ್ಲಿಸಿತು. ಸರ್ವೋಚ್ಚ ನ್ಯಾಯಾಲಯವು ಫೆಬ್ರವರಿ 2019ರಲ್ಲಿ ಕಲಬುರ್ಗಿ ಪ್ರಕರಣವನ್ನೂ ಅದೇ ತಂಡಕ್ಕೆ ವಹಿಸಿತು. ಆಗಸ್ಟ್ 2019ರಲ್ಲಿ ಆ ಪ್ರಕರಣದಲ್ಲಿಯೂ ದೋಷಾರೋಪಣಾ ಪಟ್ಟಿ ಸಲ್ಲಿಕೆಯಾಯಿತು. ದೋಷಾರೋಪಣಾ ಪಟ್ಟಿಯು ಅಪರಾಧ ಸಾಬೀತಾದುದರ ದಾಖಲೆಯಲ್ಲ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಆದರೂ ಬಾಕಿ ಉಳಿದ ಕಡತವು ಮುಗಿದ ಕಡತವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಂತಿಮ ವರದಿಯ ವಿಧಗಳು

ರಾಜ್ಯದಲ್ಲಿ ತನಿಖೆಯ ಅಂತಿಮ ವರದಿಗಳನ್ನು ಮೂರು ಬಗೆಯಾಗಿ ಗುರುತಿಸಲಾಗುತ್ತದೆ. 'ಎ' ವರದಿ ಎಂದರೆ ದೋಷಾರೋಪಣಾ ಪಟ್ಟಿ. ದೂರು ಸುಳ್ಳು ಅಥವಾ ತಪ್ಪು ತಿಳಿವಳಿಕೆಯದ್ದೆಂದು ಕಂಡುಬಂದಲ್ಲಿ 'ಬಿ' ವರದಿ ಸಲ್ಲಿಸಲಾಗುತ್ತದೆ. ಅಪರಾಧ ನಡೆದಿದ್ದರೂ ಆರೋಪಿ ಪತ್ತೆಯಾಗದಿದ್ದಲ್ಲಿ 'ಸಿ' ವರದಿ ಸಲ್ಲಿಸಲಾಗುತ್ತದೆ. 'ಸಿ' ವರದಿಯ ನಂತರವೂ ಹೊಸ ಸಾಕ್ಷ್ಯ ದೊರೆತಲ್ಲಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 193(9)ರ ಮೇರೆಗೆ ಹೆಚ್ಚಿನ ತನಿಖೆ ನಡೆಸಲು ಅವಕಾಶವಿದೆ.

ಕುಟುಂಬದವರಿಗಿರುವ ಹಕ್ಕುಗಳು

ಸದರಿ ಸಂಹಿತೆಯು 01-07-2024ರಿಂದ ಜಾರಿಯಲ್ಲಿದ್ದು, ಅದರನ್ವಯ:

1. ಕೃತ್ಯ ನಡೆದ ಸ್ಥಳ ಯಾವ ಠಾಣೆಯ ವ್ಯಾಪ್ತಿಗೆ ಸೇರಿದ್ದರೂ ಸಮೀಪದ ಠಾಣೆಯಲ್ಲಿ ವರ್ತಮಾನ ನೀಡಬಹುದು. ವರ್ತಮಾನ ನೀಡಿದವರಿಗೆ ಅಥವಾ ಸಂತ್ರಸ್ತರಿಗೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ನೀಡತಕ್ಕದ್ದು.

2. ಠಾಣೆಯಲ್ಲಿ ದೂರು ದಾಖಲಿಸಲು ನಿರಾಕರಿಸಿದಲ್ಲಿ, ಅದರ ಸಾರಾಂಶವನ್ನು ಲಿಖಿತವಾಗಿ ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು. ಅಲ್ಲಿಯೂ ಕ್ರಮವಾಗದಿದ್ದಲ್ಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.

3. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ವರ್ತಮಾನ ನೀಡಿದವರಿಗೆ ಅಥವಾ ಸಂತ್ರಸ್ತರಿಗೆ ತಿಳಿಸತಕ್ಕದ್ದು.

4. ಆರೋಪಿ ಪತ್ತೆಯಾಗದೆ ವಿಚಾರಣೆ ನಡೆಯದಿದ್ದರೂ, ಮೃತರ ಅವಲಂಬಿತರು ಕಲಂ 396ರ ಮೇರೆಗೆ ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಪತ್ತೆಯಾಗುವವರೆಗೆ ಕಾಯಬೇಕೆಂಬ ನಿಯಮವಿಲ್ಲ.

ವಿಶೇಷ ಸೂಚನೆ: ಪ್ರಕರಣ ಮುಕ್ತಾಯಗೊಳಿಸುವ ವರದಿಯನ್ನು ಒಪ್ಪುವ ಮುನ್ನ ವರ್ತಮಾನ ನೀಡಿದವರಿಗೆ ನೋಟಿಸು ನೀಡಿ ಅವರ ಅಹವಾಲು ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯವು ಭಗವಂತ್ ಸಿಂಗ್ ಪ್ರಕರಣದಲ್ಲಿ (1985) ತಿಳಿಸಿದೆ. ಆದರೆ ವರ್ತಮಾನ ನೀಡಿದವರು ದಾರಿಹೋಕರೋ ನೆರೆಯವರೋ ಆಗಿದ್ದಲ್ಲಿ, ಮೃತರ ಬಂಧುಗಳಿಗೆ ಇಂತಹ ನೋಟಿಸು ಕಡ್ಡಾಯವಲ್ಲ. ಅವರು ತಾವಾಗಿಯೇ ನ್ಯಾಯಾಲಯಕ್ಕೆ ಹಾಜರಾದಲ್ಲಿ ಅವರ ಅಹವಾಲನ್ನು ಕೇಳತಕ್ಕದ್ದು. ಆದುದರಿಂದ ಪ್ರಥಮ ವರ್ತಮಾನ ವರದಿಯಲ್ಲಿ ಯಾರ ಹೆಸರಿದೆ ಎಂಬುದನ್ನು ಕುಟುಂಬದವರು ಆರಂಭದಲ್ಲಿಯೇ ನೋಡಿಕೊಂಡು, ತಮ್ಮ ವಿಳಾಸವನ್ನು ತನಿಖಾಧಿಕಾರಿಗೆ ಲಿಖಿತವಾಗಿ ನೀಡಿ, ಸ್ವೀಕೃತಿ ಪಡೆದುಕೊಳ್ಳುವುದು ಒಳಿತು.

ಅಂಕಿ ಅಂಶಗಳನ್ನು ಪಡೆಯುವ ವಿಧಾನ

ಠಾಣಾವಾರು ಅಂಕಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ ಜಿಲ್ಲಾ ಪೊಲೀಸ್ ಅಧೀಕ್ಷಕರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಯಿಂದ ಕೋರಬಹುದು. ಅರ್ಜಿ ಶುಲ್ಕ ರೂ. 10, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ತನಿಖೆಗೆ ಅಡ್ಡಿಯಾಗುವ ವಿವರಗಳನ್ನು ನಿರಾಕರಿಸಲು ಅವಕಾಶವಿದ್ದರೂ ಕೇವಲ ಸಂಖ್ಯೆಗಳಿಗೆ ಆ ಕಾರಣ ಸಾಮಾನ್ಯವಾಗಿ ಅನ್ವಯಿಸದು. ಅರ್ಜಿಯಲ್ಲಿ ಕಳೆದ ಐದು ವರ್ಷಗಳಲ್ಲಿ ದಾಖಲಾದ ಕೊಲೆ ಪ್ರಕರಣಗಳು, 'ಎ', 'ಬಿ' ಮತ್ತು 'ಸಿ' ವರದಿಗಳು, ತನಿಖೆಯಲ್ಲಿ ಬಾಕಿ ಇರುವವು ಹಾಗೂ ಶಿಕ್ಷೆಯಾದವು ಎಂದು ಪ್ರತ್ಯೇಕವಾಗಿ ಕೇಳತಕ್ಕದ್ದು. ಕೇವಲ ಶೇಕಡಾವಾರು ಕೇಳಿದಲ್ಲಿ ಬಾಕಿ ಉಳಿದ ಪ್ರಕರಣಗಳು ತಿಳಿದುಬರುವುದಿಲ್ಲ.