ಹಸಿರು ನಿಯಮಕ್ಕೆ ಕೆಲಸಗಾರರ ಕೈ ಸೇರಲಿ

ಪರಿಸರದ ಕಾಯಿದೆಗಳು ನಮ್ಮ ಹೊಟೇಲ್ ಉದ್ಯಮಕ್ಕೆ ಒಂದರ ಹಿಂದೆ ಒಂದರಂತೆ ಬರುತ್ತಿವೆ. 2018ರಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ನಿಷೇಧ ಜಾರಿಗೆ ತಂದಾಗ ಮೊದಲ ತಪ್ಪಿಗೆ 5,000, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ರೂಪಾಯಿ ದಂಡ ಹಾಗೂ 3 ತಿಂಗಳ ಸೆರೆವಾಸ ಎಂದು ನಿಗದಿ ಮಾಡಿತು. ಅದೇ ವರ್ಷ ಜುಲೈ 1ರಿಂದ, ಪೋಲಾರ್ ಸಂಯುಕ್ತಗಳ ಪ್ರಮಾಣ ಶೇಕಡಾ 25 ಮೀರಿದ ಕರಿದ ಎಣ್ಣೆಯನ್ನು ಮತ್ತೆ ಬಳಸುವಂತಿಲ್ಲ ಎಂಬ ನಿಯಮ ಬಂತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ, ಸ್ಟ್ರಾ, ತಟ್ಟೆ, ಲೋಟಗಳು ದೇಶದಾದ್ಯಂತ ನಿಷಿದ್ಧವಾದವು.

ದಂಡ ತೆರುವವರು ಮಾಲಕರು. ಆದರೆ ಎಂಜಲು ಯಾವ ಡಬ್ಬಕ್ಕೆ ಬೀಳಬೇಕೆಂಬುದು ಕ್ಲೀನರ್‌ನ ಕೈಯಲ್ಲಿದೆ. ಬಾಣಲೆಯ ಎಣ್ಣೆ ಯಾವಾಗ ಬದಲಾಗಬೇಕೆಂಬುದು ಭಟ್ಟರ ಕೈಯಲ್ಲಿದೆ. ಗಲ್ಲಾದಲ್ಲಿ ಕುಳಿತು ಗದರಿದರೆ ನಾವು ನೋಡುವಷ್ಟು ಹೊತ್ತು ಮಾತ್ರ ಕೆಲಸ ಸರಿಯಾಗಿ ನಡೆದೀತು. ಮನಸ್ಸಿಟ್ಟು ಮಾಡಬೇಕಾದರೆ ಅವರಿಗೂ ಅದರಲ್ಲಿ ಪಾಲಿರಬೇಕು.

ಮೊದಲನೆಯದಾಗಿ, ಕೆಲಸ ಹೆಚ್ಚಿಸುವ ಮುನ್ನ ಅವರನ್ನು ಕೇಳೋಣ. ಹಸಿ ಕಸ, ಒಣ ಕಸದ ಡಬ್ಬಗಳು ಮೋರಿಯಿಂದ ದೂರವಿದ್ದರೆ ಜನಜಂಗುಳಿಯ ಹೊತ್ತಿನಲ್ಲಿ ಯಾರೂ ಬೇರ್ಪಡಿಸಲಾರರು. ಎಲ್ಲಿಟ್ಟರೆ ಅನುಕೂಲವೆಂದು ಪಾತ್ರೆ ತೊಳೆಯುವವನಿಗೇ ಚೆನ್ನಾಗಿ ಗೊತ್ತು.

ಎರಡನೆಯದಾಗಿ, ಈಗ ನಮ್ಮಲ್ಲಿ ಊರಿನವರ ಜೊತೆ ಬಿಹಾರ, ಒಡಿಶಾ, ನೇಪಾಳದವರೂ ದುಡಿಯುತ್ತಿದ್ದಾರೆ. ಕೆಲಸಕ್ಕೆ ಸೇರಿದ ದಿನವೇ ಅವರ ಭಾಷೆಯಲ್ಲಿ ತಿಳಿಸಿ, ಡಬ್ಬದ ಮೇಲೆ ಚಿತ್ರ ಅಂಟಿಸಿದರೆ ಅರ್ಧ ಕೆಲಸ ಆದಂತೆ.

ಮೂರನೆಯದು ಮುಖ್ಯವಾದದ್ದು. ಬಳಸಿದ ಎಣ್ಣೆಯನ್ನು ಬಯೋಡೀಸೆಲ್ ತಯಾರಿಕೆಗೆ ಅಧಿಕೃತ ಸಂಗ್ರಾಹಕರು ಕೊಳ್ಳುತ್ತಾರೆ. ರಟ್ಟು, ಡಬ್ಬಗಳಿಗೂ ಬೆಲೆಯಿದೆ. ಈ ಹಣವನ್ನು ಬೇರೆ ಪುಸ್ತಕದಲ್ಲಿ ಬರೆದು, ತಿಂಗಳ ಕೊನೆಗೆ ಎಲ್ಲರೆದುರು ಲೆಕ್ಕ ಓದಿ ಸಿಬ್ಬಂದಿಗೆ ಹಂಚಬಹುದು. ಗ್ಯಾಸ್, ನೀರಿನ ಬಿಲ್ಲಿನಲ್ಲಿ ಉಳಿದದ್ದರಲ್ಲೂ ಒಂದಂಶ ಅವರ ಕೋಣೆಯ ಫ್ಯಾನು, ಶೌಚಾಲಯಕ್ಕೆ ಹೋಗಲಿ. ಉಳಿತಾಯದ ಪಾಠ ಹೇಳಿ ಅವರನ್ನು ಸೆಕೆಯಲ್ಲಿ ಮಲಗಿಸಿದರೆ ಆ ಪಾಠ ಯಾರ ಕಿವಿಗೂ ಇಳಿಯದು.

ಹಗಲು ಹೊಟೇಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು ಮಾಲಕರಾದವರು ನಮ್ಮಲ್ಲಿ ಅನೇಕರಿದ್ದಾರೆ. ಕಲಿಯಲು ಬಿಡುವು ಕೊಟ್ಟ ಧಣಿಯ ಹೊಟೇಲನ್ನು ಕೆಲಸಗಾರ ತನ್ನದೆಂದೇ ನೋಡಿಕೊಳ್ಳುತ್ತಾನೆ ಎಂಬುದು ಅವರಿಗೆ ಅನುಭವದ ಮಾತು. ಈ ತಿಂಗಳು ಪ್ರತಿಯೊಬ್ಬ ಮಾಲಕ ಬಂಧುವೂ ಅರ್ಧ ಗಂಟೆ ಬಿಡುವು ಮಾಡಿಕೊಂಡು ತಮ್ಮ ಸಿಬ್ಬಂದಿಯೊಡನೆ ಕುಳಿತು ಮಾತನಾಡಬೇಕೆಂದು ವಿನಂತಿಸುತ್ತೇವೆ.