ಒತ್ತಡ ಇಳಿದರೆ ನಾಡಿ ಏಕೆ ಓಡುತ್ತದೆ?

ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಬಿಪಿ ಯಂತ್ರ ಮೂರು ಅಂಕಿ ತೋರಿಸುತ್ತದೆ. 140, 90 ಎಂಬಂಥ ಮೊದಲೆರಡನ್ನು ಎಲ್ಲರೂ ನೋಡುತ್ತಾರೆ. ಮೂರನೆಯದು ನಾಡಿ, ಅದನ್ನು ಕೇಳುವವರು ಕಡಿಮೆ. ಹುನ್ನೂರಿನ ಕಟ್ಟೆಯ ಮೇಲೆ ಕೂತ ಇಬ್ಬರು ಬಿಪಿ ಗುಳಿಗೆ ನುಂಗುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರ ಒತ್ತಡವೂ ಇಳಿದಿದೆ. ಆದರೆ ಒಬ್ಬರ ನಾಡಿ 58ಕ್ಕೆ ಬಂದಿದೆ, ಇನ್ನೊಬ್ಬರದು 90 ದಾಟಿದೆ. ಯಂತ್ರ ಕೆಟ್ಟಿಲ್ಲ, ಗುಳಿಗೆ ಬೇರೆ ಬೇರೆ.

ಕಬ್ಬಿನ ಹೊಲಕ್ಕೆ ನೀರು ಹಾಯಿಸುವವರಿಗೆ ಇದರ ಲೆಕ್ಕ ಗೊತ್ತಿರುವುದೇ. ಪೈಪಿನಲ್ಲಿ ಒತ್ತಡ ಏರಬೇಕೆಂದರೆ ಮೋಟಾರು ಹೆಚ್ಚು ನೀರು ದೂಡಬೇಕು, ಇಲ್ಲವೇ ಪೈಪಿನ ಬಾಯಿ ಕಿರಿದಾಗಬೇಕು. ಹೃದಯ ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ಸಣ್ಣ ರಕ್ತನಾಳಗಳು ಬಿಗಿಯುತ್ತ, ಸಡಿಲಾಗುತ್ತ ಅದರ ಹರಿವನ್ನು ಹಿಡಿತದಲ್ಲಿ ಇಡುತ್ತವೆ. ಆದರೆ ಮೋಟಾರಿಗಿಲ್ಲದ ಒಂದು ಕಾವಲು ದೇಹಕ್ಕಿದೆ. ಕುತ್ತಿಗೆಯ ದೊಡ್ಡ ರಕ್ತನಾಳಗಳ ಗೋಡೆಯಲ್ಲಿರುವ ನರತುದಿಗಳು ಒತ್ತಡವನ್ನು ಸದಾ ಅಳೆಯುತ್ತಿರುತ್ತವೆ. ಅದು ದಿಢೀರನೆ ಕುಸಿದರೆ ಮಿದುಳಿಗೆ ಸುದ್ದಿ ಹೋಗುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಹೃದಯ ಓಡತೊಡಗುತ್ತದೆ. ಕುಸಿತ ಗುಳಿಗೆಯಿಂದಲೋ ರಕ್ತಸ್ರಾವದಿಂದಲೋ ಎಂಬ ಭೇದ ಆ ಕಾವಲಿಗೆ ತಿಳಿಯದು.

ಈ ಕಾವಲನ್ನೇ ಮೆತ್ತಗಾಗಿಸಿದ ಔಷಧಿ ನಮ್ಮ ನೆಲದ ಸರ್ಪಗಂಧ. 1949ರಲ್ಲಿ ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ ಅಧಿಕ ರಕ್ತದೊತ್ತಡದ 50 ರೋಗಿಗಳಿಗೆ ಈ ಗಿಡದ ಬೇರಿನ ಗುಳಿಗೆ ಕೊಟ್ಟು ಕಂಡದ್ದನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು; ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಹೃದಯ ಓಡಲಿ, ನಾಳ ಬಿಗಿಯಲಿ ಎಂಬ ಆಜ್ಞೆಯನ್ನು ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಮೂಲಕ ಕಳಿಸುತ್ತವೆ. ರಿಸರ್ಪಿನ್ ಆ ದಾಸ್ತಾನನ್ನೇ ಬರಿದು ಮಾಡುತ್ತದೆ. ಹಾಗಾಗಿ ಒತ್ತಡ, ನಾಡಿ ಎರಡೂ ಇಳಿಯುತ್ತವೆ. ಆದರೆ ಮಿದುಳಿನ ದಾಸ್ತಾನಿಗೂ ಅದು ಕೈಹಾಕುತ್ತದೆ. ಖಿನ್ನತೆಯ ದೂರುಗಳು ಬಂದವು. ಹೊಸ ಗುಳಿಗೆಗಳು ಬಂದಂತೆ ರಿಸರ್ಪಿನ್ ಹಿಂದೆ ಸರಿಯಿತು.

ಇಂದಿನ ಗುಳಿಗೆಗಳು ಆಯ್ದ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳು ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ ಪ್ರೊಪ್ರನೊಲಾಲ್‌ನ ವಂಶದವು. ಅಡ್ರಿನಲಿನ್ ಹೃದಯವನ್ನು ಕೆರಳಿಸದಂತೆ ತಡೆಯುತ್ತವೆ, ನಾಡಿ ನಿಧಾನವಾಗುತ್ತದೆ. ಟೆಲ್ಮಿಸಾರ್ಟಾನ್ ನಾಳ ಬಿಗಿಸುವ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನಿಗೆ ಅಡ್ಡ ನಿಲ್ಲುತ್ತದೆ, ನಾಡಿಯ ಗೊಡವೆಗೆ ಹೋಗುವುದಿಲ್ಲ. ಹೈಡ್ರಲಜಿನ್ ನಾಳವನ್ನು ನೇರವಾಗಿ ಅಗಲಿಸುತ್ತದೆ. ಕುತ್ತಿಗೆಯ ಕಾವಲು ಎಚ್ಚೆತ್ತು ನಾಡಿ ಏರುತ್ತದೆ.

ಇಲ್ಲಿ ವೇಗವೇ ಮುಖ್ಯ. ನಿಫೆಡಿಪಿನ್ ಕ್ಯಾಪ್ಸೂಲನ್ನು ಕಚ್ಚಿಸಿ ಬಿಪಿಯನ್ನು ಬೇಗ ಇಳಿಸುವ ರೂಢಿ ಒಂದು ಕಾಲದಲ್ಲಿತ್ತು. ಒತ್ತಡ ಧಡಕ್ಕನೆ ಬಿದ್ದು ಪಾರ್ಶ್ವವಾಯು, ಹೃದಯಾಘಾತ ಆದದ್ದು ಕಂಡು 1990ರ ದಶಕದಲ್ಲಿ ವೈದ್ಯರು ಅದರ ವಿರುದ್ಧ ಎಚ್ಚರಿಸಿದರು. ಅದೇ ಕುಲದ ಆಮ್ಲೊಡಿಪಿನ್ ನಿಧಾನಿ. ನುಂಗಿದ 6ರಿಂದ 12 ಗಂಟೆಗೆ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಅದರಲ್ಲಿ ಅರ್ಧ ಕರಗಲು 30ರಿಂದ 50 ಗಂಟೆ ಬೇಕು. ದಿನಾ ನುಂಗಿದರೆ ಒಂದು ವಾರದ ಹೊತ್ತಿಗೆ ಮಟ್ಟ ಸ್ಥಿರವಾಗುತ್ತದೆ. ಕಾವಲು ಗಾಬರಿಯಾಗದಷ್ಟು ಮೆಲ್ಲಗೆ ಒತ್ತಡ ಇಳಿಯುವುದರಿಂದ ನಾಡಿ ಹೆಚ್ಚಾಗಿ ತನ್ನ ಪಾಡಿಗಿರುತ್ತದೆ. ತಲೆ ಭಾರವಾಯಿತೆಂದು ಇನ್ನೊಂದು ನುಂಗಿದರೆ ಆ ಗಳಿಗೆಗೆ ಏನೂ ದಕ್ಕದು.

ಬಿಡುವಾಗಲೂ ಇದೇ ನಿಯಮ. ಅಟೆನೊಲಾಲ್‌ನಂಥವನ್ನು ‘ಬಿಪಿ ಸರಿಹೋಯ್ತು’ ಎಂದು ಒಮ್ಮೆಲೇ ನಿಲ್ಲಿಸಿದರೆ, ಅಷ್ಟು ದಿನ ತಡೆಹಿಡಿದ ಅಡ್ರಿನಲಿನ್ ಹೃದಯದ ಮೇಲೆ ಎರಗಿ ಎದೆನೋವು ತರಬಹುದು. ವೈದ್ಯರು ಹಂತಹಂತವಾಗಿ ಇಳಿಸುವುದು ಅದಕ್ಕೇ.

ಇನ್ನು ಲೆಕ್ಕಕ್ಕೇ ಬಾರದ ಗುಳಿಗೆಗಳು. ಕಬ್ಬು ಕಡಿದು ಸೊಂಟ ಹಿಡಿದಾಗ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಮೂತ್ರಪಿಂಡಗಳು ಉಪ್ಪು ನೀರು ಹಿಡಿದಿಟ್ಟುಕೊಳ್ಳುವಂತೆ ಮಾಡಿ ಒತ್ತಡ ಏರಿಸಬಲ್ಲದು. ಟೆಲ್ಮಿಸಾರ್ಟಾನ್‌ನ ಕೆಲಸವನ್ನೂ ಮೊಂಡು ಮಾಡುತ್ತದೆ. ನೆಗಡಿ ಗುಳಿಗೆಯಲ್ಲಿರುವ ಫಿನೈಲೆಫ್ರಿನ್ ನಾಳ ಬಿಗಿಸುವ ಜಾತಿಯದು. ಬಿಪಿ ಗುಳಿಗೆ ತಪ್ಪದೆ ನುಂಗಿದರೂ ಅಂಕಿ ಇಳಿಯದಿದ್ದರೆ, ದವಾಖಾನೆಗೆ ಹೋಗುವಾಗ ನೋವಿನ, ನೆಗಡಿಯ ಗುಳಿಗೆಗಳ ಪಾಕೀಟನ್ನೂ ಒಯ್ಯಿರಿ. ಇನ್ನೊಂದು ಬಿಪಿ ಗುಳಿಗೆ ಬರೆಯುವ ಬದಲು, ಅವುಗಳಲ್ಲೊಂದನ್ನು ನಿಲ್ಲಿಸಿದರೇ ಸಾಕು ಎಂದು ವೈದ್ಯರು ಹೇಳಬಹುದು.