ಶೂ ಬಿಚ್ಚಿ ನೀರಿಗಿಳಿದ ಹುಡುಗಿ, ಮತ್ತೆ ಆ ನದಿ ದಂಡೆಯ ಗಾಲ್ಫ್ ಮೈದಾನ

ಆಫೀಸಿನ ವಾಶ್‌ರೂಮಲ್ಲೋ ಮಾಲ್‌ನಲ್ಲೋ ಕೈ ತೊಳೆಯುವಾಗ ನಲ್ಲಿಯ ಮೇಲೆ 'ಕೊಹ್ಲರ್' ಅನ್ನೋ ಹೆಸರು ನೋಡಿರ್ತೀರಿ. ಅದು ಬರೀ ಕಂಪನಿಯ ಹೆಸರಲ್ಲ, ಒಂದು ಊರಿನ ಹೆಸರೂ ಹೌದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಷಿಗನ್ ಸರೋವರದಿಂದ ಸ್ವಲ್ಪವೇ ಒಳಗೆ ಇರುವ ಪುಟ್ಟ ಊರು. 1883ರಲ್ಲಿ ಜಾನ್ ಮೈಕೆಲ್ ಕೊಹ್ಲರ್ ಎಂಬಾತ ದನ-ಕುದುರೆ ನೀರು ಕುಡಿಯುವ ಕಬ್ಬಿಣದ ತೊಟ್ಟಿಗೆ ಎನಾಮಲ್ ಹಚ್ಚಿ, ನಾಲ್ಕು ಕಾಲು ಕೂರಿಸಿ, ಸ್ನಾನದ ತೊಟ್ಟಿ ಅಂತ ಮಾರಿದ. ಅಲ್ಲಿಂದ ಶುರುವಾದ ಸಾಮ್ರಾಜ್ಯ ಇದು.

ಆ ಊರಿನ ಪಕ್ಕದಲ್ಲೇ ಶೆಬಾಯ್ಗನ್ ನದಿ ಹರಿಯುತ್ತೆ. ನಮ್ಮ ಕಾವೇರಿ, ತುಂಗಭದ್ರೆಗಳ ಮುಂದೆ ಅದು ಹಳ್ಳವೇ ಸರಿ. ಆದರೆ ನೆಟ್ಟಗೆ ಹರಿಯುವ ಜಾಯಮಾನ ಅದರದ್ದಲ್ಲ. ಹಾವಿನ ಹಾಗೆ ತಿರುಗಿ, ಮರಗಳ ನಡುವೆ ನುಸುಳಿ, ಬಂದ ದಾರಿಯ ಕಡೆಗೇ ಮತ್ತೆ ವಾಲಿ ಕೊನೆಗೆ ಸರೋವರ ಸೇರುತ್ತೆ. ಈ ತಿರುವುಗಳನ್ನೇ ಬಳಸಿಕೊಂಡು 1988ರಲ್ಲಿ ಒಂದು ಗಾಲ್ಫ್ ಮೈದಾನ ಆಯ್ತು. ಹೆಸರು ಬ್ಲ್ಯಾಕ್‌ವುಲ್ಫ್ ರನ್.

ವಿನ್ಯಾಸ ಮಾಡಿದ್ದು ಪೀಟ್ ಡೈ. ಈ ಮನುಷ್ಯ ಮೊದಲು ಇನ್ಶೂರೆನ್ಸ್ ಪಾಲಿಸಿ ಮಾರುತ್ತಿದ್ದವರು. ಚೆನ್ನಾಗಿಯೇ ಮಾರುತ್ತಿದ್ದರು ಕೂಡ. ಅದನ್ನು ಬಿಟ್ಟು ಹೆಂಡತಿ ಆಲಿಸ್ ಜೊತೆ ಮೈದಾನ ಕಟ್ಟೋಕೆ ಇಳಿದರು. ಫ್ಲಾರಿಡಾದ ಸಾಗ್ರಾಸ್‌ನಲ್ಲಿ ಸುತ್ತ ನೀರು, ನಡುವೆ ದ್ವೀಪದ ಹಾಗೆ ಗ್ರೀನ್ ಇರುವ 17ನೇ ಹೋಲ್ ಟೀವಿಯಲ್ಲಿ ನೋಡಿದ್ದರೆ, ಅದೂ ಇವರದ್ದೇ. ಡೈ ಮೈದಾನಗಳ ಸ್ವಭಾವ ಒಂದೇ: ಕಣ್ಣಿಗೆ ಹಬ್ಬ, ಕೈಗೆ ನಡುಕ. ನಿಜವಾದ ಅಪಾಯಕ್ಕಿಂತ ದೊಡ್ಡ ಅಪಾಯ ಕಾಣೋ ಹಾಗೆ ಮಾಡಿ, ಆಟಗಾರನ ತಲೆಯೊಳಗೆ ಮೊದಲು ಗೆಲ್ಲುತ್ತಾರೆ.

ಈಗ ಅಲ್ಲಿ ಎರಡು ಮೈದಾನಗಳಿವೆ, ರಿವರ್ ಮತ್ತು ಮೆಡೋ ವ್ಯಾಲೀಸ್. ಹೆಚ್ಚು ಹೆಸರು ಮಾಡಿದ್ದು ರಿವರ್.

ಗಾಲ್ಫ್ ಗೊತ್ತಿಲ್ಲದವರಿಗೆ ಎರಡೇ ಮಾತು. ಪ್ರತಿ ಹೋಲ್‌ಗೂ 'ಪಾರ್' ಅಂತ ಒಂದು ಲೆಕ್ಕ ಇರುತ್ತೆ. ಒಳ್ಳೆಯ ಆಟಗಾರ ಎಷ್ಟು ಹೊಡೆತದಲ್ಲಿ ಮುಗಿಸಬೇಕು ಅನ್ನೋದು. ಒಂದು ಕಡಿಮೆ ಆದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಚೆಂಡು ನೀರಿಗೆ ಬಿದ್ದರೆ ಸಾಮಾನ್ಯವಾಗಿ ಒಂದು ಹೊಡೆತ ದಂಡ ಕೊಟ್ಟು ಬೇರೆ ಕಡೆಯಿಂದ ಹೊಡೀಬಹುದು. ಇಷ್ಟು ಗೊತ್ತಿದ್ದರೆ ಮುಂದಿನ ಕಥೆಗೆ ಸಾಕು.

ರಿವರ್‌ನ 5ನೇ ಹೋಲ್‌ಗೆ 'ಮೇಡ್ ಇನ್ ಹೆವನ್' ಅಂತ ಹೆಸರು. ಎತ್ತರದ ಟೀ ಮೇಲೆ ನಿಂತರೆ ಕೆಳಗೆ ನದಿ, ಹಸಿರು, ಮರಗಳ ಗೋಡೆ. ಫೋನ್ ತೆಗೆದು ಫೋಟೋ ಹೊಡೆಯದೆ ಯಾರೂ ಮುಂದೆ ಹೋಗಲ್ಲ. ಆಮೇಲೆ ಗ್ರೀನ್ ಎಲ್ಲಿದೆ ಅಂತ ನೋಡಿದರೆ, ಅದು ಎದುರಿನ ದಿಬ್ಬದ ಮೇಲೆ! ಇಳಿದದ್ದಷ್ಟನ್ನೂ ಹತ್ತಬೇಕು.

ಆದರೆ ನನ್ನ ಪ್ರಕಾರ ಇಡೀ ಮೈದಾನದ ಜಾಣತನ ಇರೋದು 9ನೇ ಹೋಲ್‌ನಲ್ಲಿ. ಉದ್ದ ಕಡಿಮೆ, ಪಾರ್ 4. ಒಂದು ಬದಿ ನದಿ, ನಟ್ಟನಡುವೆ ಆಕಾಶಕ್ಕೆ ನಿಂತ ಕಾಟನ್‌ವುಡ್ ಮರಗಳು. ದಾರಿ ಒಂದಲ್ಲ, ಮೂರು. ನದಿಯಿಂದ ದೂರ ಸುರಕ್ಷಿತವಾಗಿ ಹೊಡೆದು ಎರಡನೇ ಹೊಡೆತದ ಕಷ್ಟ ಒಪ್ಪಿಕೊಳ್ಳಬಹುದು. ಮರಗಳ ಮೇಲಿಂದ ಹಾರಿಸಬಹುದು. ಇಲ್ಲವೇ ನದಿ ಪಕ್ಕದ ಇಕ್ಕಟ್ಟಿಗೆ ನೇರ ಕಳಿಸಿ, ನಸೀಬು ನೆಟ್ಟಗಿದ್ದರೆ ಗ್ರೀನ್ ಹತ್ತಿರಕ್ಕೇ ಹೋಗಬಹುದು. ಮೈದಾನದಲ್ಲಿ ಅತಿ ಹೆಚ್ಚು ಚರ್ಚೆ ನಡೆಯೋದು ಇಲ್ಲೇ ಇರಬೇಕು. ಸೇಫಾಗಿ ಆಡ್ತೀನಿ ಅಂತ ಬಂದವರೂ ಮೂರನೇ ದಾರಿ ನೋಡಿ ಮನಸ್ಸು ಬದಲಿಸುವಂಥ ಜಾಗ.

11ರಲ್ಲಿ ನದಿಯ ತಿರುವನ್ನೇ ಹಿಡಿದು ಹೋಗೋ ಉದ್ದದ ಪಾರ್ 5. 13 ಪಾರ್ 3. ನದಿ ಪಕ್ಕದಲ್ಲೇ, ಎತ್ತರದ ಮರಗಳು ಅಡ್ಡ. ಶರತ್ಕಾಲದಲ್ಲಿ ಸರೋವರದಿಂದ ಸಾಲ್ಮನ್ ಮೀನು ನದಿಯೊಳಕ್ಕೆ ಏರಿ ಬರುತ್ತವೆ. ನೀವು ದಂಡೆಯ ಮೇಲೆ ಚೆಂಡು ಹುಡುಕುತ್ತಿದ್ದರೆ, ಮೊಣಕಾಲುದ್ದ ನೀರಲ್ಲಿ ನಿಂತವರು ಗಾಳ ಹಾಕಿ ಮೀನು ಹುಡುಕುತ್ತಿರುತ್ತಾರೆ.

ಇನ್ನು 18ನೇ ಹೋಲ್. ಹೆಸರು 'ಡೈಹಾರ್ಡ್', ಪೀಟ್ ಡೈ ಹೆಸರಿನ ಮೇಲೆ ಮಾಡಿದ ತಮಾಷೆ. ಪಾರ್ 4, ಉದ್ದ, ಎಡಕ್ಕೆ ನೀರು. ಈ ನೀರಿನ ಅಂಚಲ್ಲೇ 1998ರ ಜುಲೈ 6, ಸೋಮವಾರ, ಒಂದು ಘಟನೆ ನಡೀತು.

92ನೇ ಹೋಲ್‌ವರೆಗೆ

ಅವತ್ತು ಯುಎಸ್ ವಿಮೆನ್ಸ್ ಓಪನ್‌ನ ಐದನೇ ದಿನ. ನಾಲ್ಕು ದಿನ, 72 ಹೋಲ್ ಆಡಿ ಮುಗಿದಾಗ ಇಬ್ಬರು ಸಮ ಆಗಿದ್ದರು. ಇಬ್ಬರಿಗೂ ವಯಸ್ಸು ಇಪ್ಪತ್ತು. ಒಬ್ಬಳು ದಕ್ಷಿಣ ಕೊರಿಯಾದ ಸೆ ರಿ ಪಾಕ್, ಎಲ್‌ಪಿಜಿಎ ಟೂರ್‌ಗೆ ಅದು ಮೊದಲ ವರ್ಷ. ಇನ್ನೊಬ್ಬಳು ಜೆನ್ನಿ ಚುವಾಸಿರಿಪಾರ್ನ್, ಥಾಯ್ ಮೂಲದ ಅಮೆರಿಕನ್, ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ಅಮೆಚೂರ್. ಭಾನುವಾರ ಕೊನೆಯ ಗ್ರೀನ್‌ನಲ್ಲಿ ಸುಮಾರು 40 ಅಡಿ ದೂರದ ಪಟ್ ಹಾಕಿ ಆಕೆ ಪಂದ್ಯವನ್ನು ಸಮಕ್ಕೆ ತಂದಿದ್ದಳು. ಹಾಗಾಗಿ ಸೋಮವಾರ ಮತ್ತೆ 18 ಹೋಲ್.

17 ಮುಗಿದಾಗಲೂ ಸಮ. 18ರಲ್ಲಿ ಪಾಕ್ ಹೊಡೆದ ಮೊದಲ ಹೊಡೆತ ಎಡಕ್ಕೆ ಹೋಯ್ತು. ಚೆಂಡು ನೀರಿಗೆ ಬೀಳಲಿಲ್ಲ. ನೀರಿನ ಪಕ್ಕದ ಕಡಿದಾದ ಇಳಿಜಾರಲ್ಲಿ, ದಟ್ಟ ಹುಲ್ಲಲ್ಲಿ ಸಿಕ್ಕಿ ನಿಂತಿತು. ದಂಡ ಕಟ್ಟಿ ಬೇರೆ ಕಡೆಯಿಂದ ಹೊಡೆಯೋಣ ಅಂದರೆ ಪಂದ್ಯ ಕೈಬಿಟ್ಟು ಹೋಗುವ ಭಯ. ಇದ್ದಲ್ಲಿಂದಲೇ ಹೊಡೆಯೋಣ ಅಂದರೆ ನಿಲ್ಲೋಕೆ ನೆಲವೇ ಇಲ್ಲ.

ಆಕೆ ಹೋಗಿ ನೋಡಿದಳು, ಯೋಚಿಸಿದಳು. ಆಮೇಲೆ ಶೂ ಬಿಚ್ಚಿದಳು, ಸಾಕ್ಸ್ ಬಿಚ್ಚಿದಳು, ನೀರಿಗಿಳಿದಳು.

ಕೊರಿಯಾದವರು ಇವತ್ತಿಗೂ ಮರೆಯದ ಚಿತ್ರ ಆ ಹೊಡೆತದ್ದಲ್ಲ, ಆಕೆಯ ಪಾದಗಳದ್ದು. ದಿನಗಟ್ಟಲೆ ಬಿಸಿಲಲ್ಲಿ ಅಭ್ಯಾಸ ಮಾಡಿ ಕಾಲು ಕಂದು ಬಣ್ಣಕ್ಕೆ ತಿರುಗಿತ್ತು, ಸಾಕ್ಸ್ ಒಳಗಿದ್ದ ಪಾದ ಮಾತ್ರ ಬೆಳ್ಳಗೆ. ಎಷ್ಟು ದುಡಿದಿದ್ದಾಳೆ ಅಂತ ಯಾರೂ ಹೇಳಬೇಕಾಗಿರಲಿಲ್ಲ.

ವೆಜ್‌ನಿಂದ ಚೆಂಡನ್ನು ಎತ್ತಿ ಸುರಕ್ಷಿತ ಜಾಗಕ್ಕೆ ತಂದಳು. ಪವಾಡವೇನಲ್ಲ, ಕೊನೆಗೆ ಬೋಗಿಯೇ ಆಯ್ತು. ಆದರೆ ಆ ಕಡೆ ಜೆನ್ನಿಯೂ ಬೋಗಿ ಮಾಡಿದಳು. ಗೆಲುವು ತರಬಹುದಾಗಿದ್ದ ಪಾರ್ ಪಟ್ ತಪ್ಪಿತು. ಇಬ್ಬರದ್ದೂ 73. ಮತ್ತೆ ಸಮ! ಆಮೇಲೆ ಒಂದೊಂದೇ ಹೋಲ್ ಲೆಕ್ಕ. ಮೊದಲನೆಯದರಲ್ಲೂ ತೀರ್ಮಾನ ಆಗಲಿಲ್ಲ. ಎರಡನೆಯದರಲ್ಲಿ ಪಾಕ್ 18 ಅಡಿಯ ಬರ್ಡಿ ಪಟ್ ಹಾಕಿದಳು. ಒಟ್ಟು 92 ಹೋಲ್.

ಕೊರಿಯಾದಲ್ಲಿ ಆಗ ಬೆಳಗಿನ ಜಾವ. ಆ ದೇಶದ ಸ್ಥಿತಿ ನೆನಪಿಸಿಕೊಳ್ಳಿ. 1997ರ ಕೊನೆಯಲ್ಲಿ ಆರ್ಥಿಕತೆ ಕುಸಿದು ಐಎಂಎಫ್ ಮುಂದೆ ಕೈಯೊಡ್ಡಿತ್ತು. ಕಂಪನಿಗಳು ಮುಚ್ಚಿದವು, ಕೆಲಸಗಳು ಹೋದವು. ದೇಶದ ಸಾಲ ತೀರಿಸೋಕೆ ಜನ ಸಾಲುಗಟ್ಟಿ ನಿಂತು ಮದುವೆ ಉಂಗುರ, ಮಕ್ಕಳ ಬಂಗಾರ ತಂದು ಕೊಟ್ಟಿದ್ದರು. ಇಂಥ ಸಮಯದಲ್ಲಿ ಬರಿಗಾಲಲ್ಲಿ ನೀರಿಗಿಳಿದ ಹುಡುಗಿಯನ್ನು ಟೀವಿಯಲ್ಲಿ ನೋಡಿದವರಿಗೆ ಅದು ಬರೀ ಗಾಲ್ಫ್ ಆಗಿ ಕಾಣಲಿಲ್ಲ. ಸರ್ಕಾರಿ ಜಾಹೀರಾತಿನಲ್ಲೂ ಆ ದೃಶ್ಯ ಬಂತು.

ಜೆನ್ನಿ ಕಥೆ ಯಾರೂ ಅಷ್ಟಾಗಿ ಹೇಳಲ್ಲ. ಪ್ರೊ ಆಗಿ ಕೆಲವು ವರ್ಷ ಪ್ರಯತ್ನಿಸಿದಳು, ಕೈಗೂಡಲಿಲ್ಲ. ಗಾಲ್ಫ್ ಬಿಟ್ಟು ನರ್ಸಿಂಗ್ ಓದಿ ಆಸ್ಪತ್ರೆ ಕೆಲಸಕ್ಕೆ ಸೇರಿಕೊಂಡಳು. ಅದನ್ನು ಸೋಲು ಅನ್ನೋಕೆ ನನಗೆ ಮನಸ್ಸಿಲ್ಲ.

ಅಂದು ಟೀವಿ ನೋಡಿದವರು

ಅವತ್ತು ಬೆಳಗಿನ ಜಾವ ಮನೆಯವರ ಗದ್ದಲಕ್ಕೆ ಎಚ್ಚರಗೊಂಡ ಒಂಬತ್ತು ವರ್ಷದ ಒಂದು ಹುಡುಗಿ, ಸ್ವಲ್ಪ ದಿನದಲ್ಲೇ ಗಾಲ್ಫ್ ಶುರು ಮಾಡಿದಳು. ಹೆಸರು ಇನ್ಬೀ ಪಾರ್ಕ್. ಏಳು ಮೇಜರ್ ಗೆದ್ದಳು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ. ಆಗ ಕೊರಿಯಾ ತಂಡದ ಕೋಚ್ ಸೆ ರಿ ಪಾಕ್.

2012ರಲ್ಲಿ ಯುಎಸ್ ವಿಮೆನ್ಸ್ ಓಪನ್ ಮತ್ತೆ ಇದೇ ನದಿ ದಂಡೆಗೆ ಬಂತು. ಗೆದ್ದಿದ್ದು ನಾ ಯಿಯಾನ್ ಚೊಯ್, 1998ರ ಆ ದೃಶ್ಯ ನೋಡಿ ಬೆಳೆದ ಇನ್ನೊಬ್ಬಳು. ಕೊನೆಯ ದಿನ 10ನೇ ಹೋಲ್‌ನಲ್ಲಿ ಪಾರ್‌ಗಿಂತ ಮೂರು ಹೆಚ್ಚು ಹೊಡೆದು ಎಲ್ಲ ಕಳೆದುಕೊಳ್ಳುವ ಹಾಗಿದ್ದಳು. ಮುಂದಿನ ಹೋಲ್‌ನಲ್ಲೇ ಬರ್ಡಿ! 18ರ ಗ್ರೀನ್ ಪಕ್ಕದಲ್ಲಿ ಆಕೆಗೆ ಷಾಂಪೇನ್ ಎರಚೋಕೆ ಕಾಯುತ್ತಿದ್ದವರಲ್ಲಿ ಸೆ ರಿ ಪಾಕ್ ಕೂಡ ಇದ್ದರು.

ನಮ್ಮ ಅದಿತಿ ಅಶೋಕ್ ಹುಟ್ಟಿದ್ದೂ 1998ರಲ್ಲೇ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಕಲಿತವಳು. ರಿಯೊದಲ್ಲಿ ಅಪ್ಪ ಕ್ಯಾಡಿ, ಟೋಕಿಯೊದಲ್ಲಿ ಅಮ್ಮ. ಟೋಕಿಯೊದಲ್ಲಿ ನಾಲ್ಕನೇ ಸ್ಥಾನ, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಆ ಶನಿವಾರ ಬೆಳಗ್ಗೆ ಪಾರ್, ಬರ್ಡಿ ಅಂದ್ರೇನು ಅಂತ ಗೂಗಲ್ ಮಾಡಿದವರು ನಮ್ಮಲ್ಲಿ ಎಷ್ಟು ಜನ! ಈಗ ಮೈಸೂರಿನ ಪ್ರಣವಿ ಅರಸ್ ಯುರೋಪಿನ ಟೂರ್‌ನಲ್ಲಿ ಆಡ್ತಿದ್ದಾರೆ.

ಕೊಹ್ಲರ್‌ಗೆ ಹೋಗೋದಾದರೆ: ಮಿಲ್ವಾಕಿಯಿಂದ ಉತ್ತರಕ್ಕೆ ಕಾರಲ್ಲಿ ಸುಮಾರು ಒಂದು ಗಂಟೆ. ಶಿಕಾಗೊ ಕಡೆ ಇರುವ ನೆಂಟರು, ಸ್ನೇಹಿತರಿಗೆ ವಾರಾಂತ್ಯದ ದೂರ. ಚಳಿಗಾಲದಲ್ಲಿ ಹಿಮ ಬಿದ್ದು ಮೈದಾನ ಮುಚ್ಚಿರುತ್ತೆ. ಕ್ಲಬ್ ಸದಸ್ಯತ್ವ ಬೇಕಿಲ್ಲ, ದುಡ್ಡು ಕೊಟ್ಟವರು ಆಡಬಹುದು. ಆದರೆ ಆ ದುಡ್ಡು ಕಡಿಮೆ ಏನಲ್ಲ, ಬುಕ್ ಮಾಡೋ ಮುಂಚೆ ದರ ನೋಡಿ. ಹಿಂದಿನ ಟೀಯಿಂದ ರಿವರ್ ಉದ್ದ 7,000 ಗಜಕ್ಕೂ ಹೆಚ್ಚು. ಹೊಸಬರು ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳದೆ ಮುಂದಿನ ಟೀಯಿಂದ ಆಡಿ, ನದಿ ಅಲ್ಲಿಂದಲೂ ಅಷ್ಟೇ ಚೆನ್ನಾಗಿ ಕಾಣುತ್ತೆ. ಬ್ಯಾಗಲ್ಲಿ ಚೆಂಡು ಮಾತ್ರ ಎರಡು ಡಜನ್ ಇರಲಿ.